ಕೇಳುವ ಬಗೆ

ಮೊದಲ ವರ್ಷ ನಾನು ಕಣ್ಣಿನಿಂದ ಆರಿಸುತ್ತಿದ್ದೆ.
ಹೈದರಾಬಾದಿನ ಲಾರಿ ಇಳಿದು ಬಂದವನು, ಹೌದು.
ಒಬ್ಬಳೇ ಬಂದವಳು, ತುಟಿಗೆ ಬಣ್ಣ, ಹೌದು.
ಮಾನ್ವಿಯ ಹೈಸ್ಕೂಲು ಮಾಸ್ತರರು, ಎದೆನೋವು,
ಛೆ, ಅವರನ್ನು ಹೇಗೆ ಕೇಳುವುದು.
ರಾಯಚೂರಿನ ದೊಡ್ಡಾಸ್ಪತ್ರೆಯ ತುರ್ತು ವಾರ್ಡು,
ರಾತ್ರಿ ಎರಡಾದರೂ ಗೋಡೆ ಕಾವು ಬಿಡುತ್ತಿರುತ್ತದೆ.
ಕೈಯಲ್ಲಿ ಒಪ್ಪಿಗೆಯ ಹಾಳೆ,
ಬಾಯಲ್ಲಿ ಹತ್ತಿ.

ಬಗ್ಗಿ ಪಿಸುಗುಟ್ಟುತ್ತಿದ್ದೆ:
‘ಎಚ್‌ಐವಿ ಟೆಸ್ಟು... ಮಾಡಿಸ್ತೀರೇನ್ರಿ?’
ಪಿಸುಮಾತಿಗೇ ಪಕ್ಕದ ಎರಡು ಮಂಚ ತಲೆ ಎತ್ತುತ್ತಿದ್ದವು.
ಜಿನ್ನಿಂಗ್ ಮಿಲ್ಲಿನ ಮೌಲಾಲಿ, ಬೆರಳೆರಡು ಜಜ್ಜಿಕೊಂಡವನು,
ರೆಪ್ಪೆಯ ಮೇಲೆ ಇನ್ನೂ ಹತ್ತಿಯ ಎಳೆ,
ನೋವು ಮರೆತು ಕೇಳಿದ:
‘ನನ್ನ ಮಾರಿ ನೋಡಿದ್ರ ಹಂಗ ಅನಸ್ತದೇನ್ರಿ ಮೇಡಂ?’

ಅನಿಸಿದ್ದಕ್ಕೇ ಕೇಳಿದ್ದೆ.
ಅವನಿಗದು ಗೊತ್ತಾಗಿಹೋಯಿತು.

ಸೂಗಮ್ಮನನ್ನು ಯಾರೂ ಕೇಳಲಿಲ್ಲ.
ಎರಡು ವರ್ಷದಲ್ಲಿ ನಾಲ್ಕು ಸಲ ಬಂದಳು:
ಜ್ವರ, ಭೇದಿ, ಮತ್ತೆ ಜ್ವರ,
ಪಕ್ಕೆಗೆ ಸರ್ಪಸುತ್ತು, ಅದರ ಮೇಲೆ
ಊರಲ್ಲಿ ಯಾರೋ ಬಳಿದ ಕೆಮ್ಮಣ್ಣು.
ಹಣೆತುಂಬ ಕುಂಕುಮ, ಕಾಲುಂಗುರ,
ಬಾಯಿ ತೆರೆದರೆ ಮೊಮ್ಮಗನಿಗೆ ಹೆಸರಿಡುವ ಮಾತು.
ನಾಲ್ಕು ಸಲವೂ ಗ್ಲೂಕೋಸು ಏರಿಸಿ ಕಳಿಸಿದೆವು.
ಐದನೆಯ ಸಲ ಹೊತ್ತುಕೊಂಡು ಬಂದರು.
ಹಳೆಯ ಚೀಟಿಗಳೆಲ್ಲ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ,
ಒಂದೊಂದರಲ್ಲೂ
ನಮ್ಮ ಮರ್ಯಾದೆ.

ಸಿಸ್ಟರ್ ಎಸ್ತರಮ್ಮ ಇಪ್ಪತ್ತಾರು ವರ್ಷದಿಂದ
ಈ ಬಾಗಿಲಲ್ಲಿ ಹರಿಯುವ ರಕ್ತ ಹಿಡಿದು ನಿಲ್ಲಿಸಿದವರು.
‘ಹಾಳಿ ಆಮ್ಯಾಲ’ ಅಂದರು, ‘ಮೊದಲ ಮಾತು ಕಲಿ.
ಮಾಡಿಸ್ತೀರೇನು ಅಂದ್ರ ಅದು ಸಂಶೇ.
ಎಲ್ಲಾರ್ಗೂ ಮಾಡ್ತೀವಿ ಅಂದ್ರ ಅದು ಪಾಳಿ.’
ಬಿಪಿ ಪಟ್ಟಿ ಸುತ್ತುತ್ತಾ, ದನಿ ಏರಿಸದೆ, ಇಳಿಸದೆ,
‘ಸಕ್ಕರಿ ನೋಡ್ತೀವಿ, ರಕ್ತ ಕಮ್ಮಿ ಅದನೋ ನೋಡ್ತೀವಿ,
ಎಚ್‌ಐವಿನೂ ನೋಡ್ತೀವಿ, ದೊಡ್ಡವರು ಯಾರು ಬಂದ್ರೂ.
ಬ್ಯಾಡನಿಸಿದ್ರ ಬ್ಯಾಡನ್ರಿ, ಔಷಧ ನಿಲ್ಲಂಗಿಲ್ಲ.’

ಅಷ್ಟೇ. ಸಾರಿಗೆ ಉಪ್ಪು ಹಾಕಿದಷ್ಟು.
ಆ ರಾತ್ರಿ ಬಂದ ಮಾಸ್ತರರೊಬ್ಬರು ತೋಳು ಚಾಚಿದರು.
ಚಾಚುವಾಗ ಹೆಂಡತಿಯ ಕಡೆ ಮಾತ್ರ ನೋಡಲಿಲ್ಲ.
ನಾನು ನೋಡಿದೆ. ಎಲ್ಲೂ ಬರೆಯಲಿಲ್ಲ.

ಹಗಲಲ್ಲಿ ಹನ್ನೆರಡನೇ ನಂಬರಿನ ಕೋಣೆಯಿದೆ,
ಅದರ ಮುಂದಿನ ಬೆಂಚಿಗೆ ಊರೆಲ್ಲ ಕಣ್ಣು.
ಇಲ್ಲಿ ಬಿದ್ದವನು, ಸುಟ್ಟವಳು, ಕುಡಿದವನು, ಬಸುರಿ
ಎಲ್ಲರೂ ಒಂದೇ ಟ್ಯೂಬ್‌ಲೈಟಿನ ಕೆಳಗೆ.

ಆದರೂ ನನಗೊಂದು ಅಳುಕು.
ಚೇಳು ಕಚ್ಚಿ ಒದ್ದಾಡುವವಳಿಗೆ ಏನು ಕೇಳಿದರೂ ಹೂಂ.
ಅಂಥ ಹೂಂ ಅನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.
ಉರಿ ಇಳಿಯಲಿ, ಬೆವರು ಆರಲಿ, ಒಂದು ಲೋಟ ಚಹಾ ಕುಡಿಯಲಿ,
ಮತ್ತೆ ಕೇಳುತ್ತೇನೆ.
ಡ್ಯೂಟಿ ಡಾಕ್ಟರು ಗಡಿಯಾರ ನೋಡುತ್ತಾರೆ, ನೋಡಲಿ.
ನಮ್ಮ ಮಾತಿನಲ್ಲಿ ಪ್ರಶ್ನೆ ಹಾಕುವುದಕ್ಕೂ ಕಿವಿ ಕೊಡುವುದಕ್ಕೂ
ಪದ ಒಂದೇ.
ನಾನು ಅರ್ಧ ಕಲಿತು ಕೆಲಸಕ್ಕೆ ಬಂದಿದ್ದೆ.

ಎರಡನೇ ಗೆರೆ ಮೂಡಿದ ರಾತ್ರಿ
ಪರದೆಯ ಹಿಂದೆ ಒಂದು ಸ್ಟೂಲು ಎಳೆದುಕೊಳ್ಳುತ್ತೇನೆ.
‘ಇದು ಬರೇ ಮೊದಲನೇದು, ಇನ್ನೂ ನೋಡೂದದ.
ಗುಳಿಗಿ ಅದ, ಪುಕ್ಕಟ ಅದ, ಬದುಕೂ ಅದ.’
ಆಮೇಲೆ ಬಹಳ ಹೊತ್ತು ಸುಮ್ಮನಿರುತ್ತೇನೆ.
ಫ್ಯಾನು ಒಂದೇ ಮಾತಾಡುತ್ತದೆ.

ರೈಸ್ ಮಿಲ್ಲಿನ ಹಮಾಲಿ ಜಂಬಣ್ಣ,
ಕೊಂಡಿ ಬಡಿದು ತಲೆ ಸೀಳಿತ್ತು,
‘ಬ್ಯಾಡ’ ಅಂದ.
ಯಾಕೆಂದು ಕೇಳಲಿಲ್ಲ. ಆರು ಹೊಲಿಗೆ ಹಾಕಿ
ಎಲ್ಲರಿಗೆ ಹೇಳುವಂತೆ ‘ಹುಷಾರಾಗಿ ಹೋಗ್ರಿ’ ಅಂದೆವು.

ಹನ್ನೊಂದನೇ ರಾತ್ರಿ ಕೌಂಟರಿನಾಚೆ ನಿಂತಿದ್ದ,
ಮೈಮೇಲೆ ಎಲ್ಲೂ ರಕ್ತವಿಲ್ಲ,
ಒಗೆದ ಅಂಗಿ, ಗಾಯದ ಸುತ್ತ ಬಾಚಿದ ಕೂದಲು.
‘ಏನಾಗ್ಯಾದ?’ ಅಂದರು ಎಸ್ತರಮ್ಮ.
‘ಏನಿಲ್ರಿ.’
ನನ್ನ ಕಡೆ ತಿರುಗಿದ.
‘ಅವತ್ತು ಎಲ್ಲಾರ್ಗೂ ಕೇಳ್ತೀವಿ ಅಂದಿದ್ರಲ್ಲ,
ನಂಗ ಇನ್ನೊಮ್ಮಿ ಕೇಳ್ರಿ.’